ಚಿ. ಮಲ್ಲುವಿಗೆ: ಇಂಜಿನ್ ಮ್ಯಾಪ್ ಬದಲಿಸುವ ಮೊದಲು

ನಿಗಡಿ, ಪುಣೆ

ಚಿ. ಮಲ್ಲಿಕಾರ್ಜುನನಿಗೆ ನಿನ್ನ ಕಾಕಾನ ಆಶೀರ್ವಾದಗಳು.

ಕಾರಿಗೆ ರೀಮ್ಯಾಪ್ ಮಾಡಿಸಲಾ ಅಂತ ನೀನು ಕೇಳಿದ್ದಕ್ಕೆ ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ಇದು ಹೂಂ, ಉಹೂಂ ಅಂದು ಮುಗಿಸುವ ಮಾತಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಪೂರ್ತಿ ಓದು, ಆಮೇಲೆ ನಿರ್ಧಾರ ಮಾಡು.

ರೀಮ್ಯಾಪ್ ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿನ ಫೈಲ್ ಬದಲಿಸುವುದು. ನಿನ್ನ ಪೋಲೋ ಕಾರಿಗೆ ಅದನ್ನು ಮಾಡಿಸಿದರೆ 110 ಪಿಎಸ್ (ಕುದುರೆ ಶಕ್ತಿ) ಇದ್ದದ್ದು 135 ಆಗುತ್ತದೆ, ಲ್ಯಾಪ್‌ಟಾಪ್ ಹಚ್ಚಿ ಒಂದು ತಾಸಿನ ಕೆಲಸ, ಒಂದು ನಟ್ಟನ್ನೂ ಬಿಚ್ಚೋದಿಲ್ಲ ಅಂತ ಅಂಗಡಿಯವರು ಹೇಳಿದ್ದಾರೆ. ಅದರಲ್ಲಿ ಸುಳ್ಳಿಲ್ಲ. ಗಾಳಿ ಒತ್ತಿ ತುಂಬುವ ಟರ್ಬೊ ಇರುವ ಇಂಜಿನ್‌ನಲ್ಲಿ ಫೈಲ್ ಬದಲಿಸಿದರೆ 20-30 ಪರ್ಸೆಂಟ್ ಶಕ್ತಿ ಏರುತ್ತದೆ. ಟರ್ಬೊ ಇಲ್ಲದ ಗಾಡಿಗೆ ಐದೋ ಹತ್ತೋ ಪರ್ಸೆಂಟ್ ಸಿಕ್ಕರೆ ದೊಡ್ಡದು. ನಿನ್ನದು ಒಂದು ಲೀಟರಿನ ಮೂರು ಸಿಲಿಂಡರ್ ಟರ್ಬೊ. ಆಸೆ ಹುಟ್ಟಿದ್ದು ಸಹಜ. ಆದರೆ ಆ ಹೆಚ್ಚಿನ 25 ಪಿಎಸ್ ಎಲ್ಲಿಂದ ಬರುತ್ತದೆ ಅಂತ ಅವರನ್ನು ಕೇಳಿದೆಯಾ?

ಇಂಜಿನ್ ನಡೆಸುವ ಆ ಕಂಪ್ಯೂಟರಿಗೆ ಇಸಿಯು ಅಂತಾರೆ. ಅದರ ಒಳಗೆ ಇರುವುದು ಕೋಷ್ಟಕಗಳು, ಮ್ಯಾಪ್ ಅಂದರೆ ಅವೇ. ಇಷ್ಟು ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು), ಇಷ್ಟು ಲೋಡ್ ಇದ್ದಾಗ ಪೆಟ್ರೋಲು ಇಷ್ಟು, ಕಿಡಿ ಇಷ್ಟು ಡಿಗ್ರಿ ಮುಂಚೆ, ಟರ್ಬೊ ಒತ್ತಡ ಇಷ್ಟು, ಟಾರ್ಕ್ (ತಿರುಗಿಸುವ ಬಲ) ಇದಕ್ಕಿಂತ ಜಾಸ್ತಿ ಬೇಡ. ಒಂದೊಂದು ಅಂಕಿಯನ್ನೂ ಕ್ಯಾಲಿಬ್ರೇಷನ್ ಇಂಜಿನಿಯರುಗಳು ಟೆಸ್ಟ್ ಬೆಂಚಿನ ಮೇಲೆ, ಬಿಸಿಲಲ್ಲಿ, ಚಳಿಯಲ್ಲಿ, ಎತ್ತರದ ಗುಡ್ಡಗಳಲ್ಲಿ ಗಾಡಿ ಓಡಿಸಿ ತುಂಬಿರುತ್ತಾರೆ. ತುಂಬುವಾಗ ಇಂಜಿನ್ ತಾಳುವ ಕೊನೆಯ ಮಟ್ಟದವರೆಗೆ ಹೋಗುವುದಿಲ್ಲ, ಸ್ವಲ್ಪ ಉಳಿಸುತ್ತಾರೆ. ಕೆಟ್ಟ ಪೆಟ್ರೋಲು ಬಿದ್ದರೆ, ಏರ್ ಫಿಲ್ಟರ್ ಕಟ್ಟಿದ್ದರೆ, ಆಯಿಲ್ ಬದಲಿಸುವುದು ತಡವಾದರೆ, ಮೇ ತಿಂಗಳ ಬಿಸಿಲಿನಲ್ಲಿ ಹಿಂಜೇವಾಡಿ ಟ್ರಾಫಿಕ್‌ನಲ್ಲಿ ನಿಂತು ಬೆಂದ ಗಾಡಿ ಹಾಗೇ ಘಾಟ್ ಏರಬೇಕಾಗಿ ಬಂದರೆ ಬೇಕು ಅಂತ. ನಮ್ಮೂರಲ್ಲಿ ನೆಲದೊಳಗಿನ ಹಗೇವಿನಲ್ಲಿ ಜೋಳ ಇಡುತ್ತಿದ್ದರಲ್ಲ, ಮಳೆ ಕೈಕೊಟ್ಟ ವರ್ಷಕ್ಕೆ ಇರಲಿ ಅಂತ, ಅದೇ ಲೆಕ್ಕ. ರೀಮ್ಯಾಪ್ ಮಾಡುವವನು ಹೊಸ ಜೋಳ ಬೆಳೆದು ಕೊಡುವುದಿಲ್ಲ. ಹಗೇವು ತೆಗೆದು ಬಡಿಸುತ್ತಾನೆ.

ನಾನು ಭೋಸರಿಯ ಪಂಪ್ ರೂಮಿನಲ್ಲಿ, ಇಂಜಿನ್‌ಗೆ ಡೀಸೆಲ್ ಅಳೆದು ಕೊಡುವ ಪಂಪ್‌ಗಳ ಕ್ಯಾಲಿಬ್ರೇಷನ್ ಮಾಡಿದವನು ಅಂತ ನಿನಗೆ ಗೊತ್ತು. ಆಗ ಇಸಿಯು ಇರಲಿಲ್ಲ, ಆದರೆ ಈ ಆಸೆ ಇತ್ತು. ಖಂಡಾಲಾ ಘಾಟ್‌ನಲ್ಲಿ ಲೋಡ್ ಎಳೆಯುವ ಲಾರಿಗಳವರು ಬಂದು ‘ಸ್ವಲ್ಪ ಡೀಸೆಲ್ ಏರಿಸಿ’ ಅನ್ನುತ್ತಿದ್ದರು. ಪಂಪಿನ ಫುಲ್ ಲೋಡ್ ಸ್ಕ್ರೂಗೆ ಸೀಸದ ಸೀಲ್ ಇರುತ್ತಿತ್ತು. ಸೀಲ್ ಮುರಿದು ಅರ್ಧ ಸುತ್ತು ತಿರುಗಿಸಿದರೆ ಲಾರಿ ಜಿಗಿದು ಓಡುತ್ತಿತ್ತು. ನಮ್ಮಲ್ಲಿ ಅದನ್ನು ಮಾಡುತ್ತಿರಲಿಲ್ಲ. ಬೇರೆ ಕಡೆ ಮಾಡಿಸಿಕೊಂಡವರ ಇಂಜಿನ್‌ಗಳು ಬಿಚ್ಚಲು ಪಕ್ಕದ ಗ್ಯಾರೇಜಿಗೆ ಬರುತ್ತಿದ್ದವು. ಪಿಸ್ಟನ್ ತಲೆ ಕರಗಿ ಗುಳಿ ಬಿದ್ದಿರುತ್ತಿತ್ತು. ಉರಿಯದ ಡೀಸೆಲ್ ಸಿಲಿಂಡರ್ ಗೋಡೆ ತೊಳೆದು ಆಯಿಲ್ ನೀರಾಗಿರುತ್ತಿತ್ತು. ಆ ಇಂಜಿನ್‌ಗಳು ಸ್ಕ್ರೂ ತಿರುಗಿಸಿದ ವಾರ ಕೆಟ್ಟಿದ್ದಲ್ಲ. ತಿಂಗಳುಗಟ್ಟಲೆ ಓಡಿ, ಮಾಲೀಕ ‘ಏನೂ ಆಗಲಿಲ್ಲ ನೋಡು’ ಅಂತ ಎಲ್ಲರಿಗೂ ಹೇಳಿಕೊಂಡ ಮೇಲೆ ಕೆಟ್ಟಿದ್ದು. ನಿನ್ನ ಗೆಳೆಯನ ಗಾಡಿ ಒಂದು ವರ್ಷದಿಂದ ಚೆನ್ನಾಗಿ ಓಡುತ್ತಿದೆ ಅಂದೆಯಲ್ಲ, ಅದಕ್ಕೆ ಇದನ್ನು ಹೇಳಿದೆ.

ಈಗ ನಿನ್ನ ಇಂಜಿನ್ ವಿಷಯ. ಇದನ್ನು ನಿಧಾನವಾಗಿ ಓದು.

ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸುವ ಸಣ್ಣ ಟರ್ಬೊ ಇಂಜಿನ್‌ಗಳಿಗೆ ಒಂದು ಕಾಯಿಲೆ ಇದೆ. ಆರ್‌ಪಿಎಂ ಕಡಿಮೆ ಇದ್ದು, ಗೇರ್ ಮೇಲಿನದಿದ್ದು, ಕಾಲು ಪೂರ್ತಿ ಒತ್ತಿದಾಗ ಕಿಡಿ ಬರುವ ಮೊದಲೇ ಮಿಶ್ರಣ ಹೊತ್ತಿಕೊಳ್ಳುತ್ತದೆ. ಪಿಸ್ಟನ್ ಇನ್ನೂ ಮೇಲೆ ಬರುತ್ತಿರುವಾಗಲೇ ಒತ್ತಡ ಸಿಡಿಯುತ್ತದೆ. ಒಂದೆರಡು ಸಲ ಜೋರಾಗಿ ಆದರೂ ಪಿಸ್ಟನ್‌ನ ರಿಂಗ್ ಕೂರುವ ಅಂಚು ಮುರಿಯಬಹುದು. ಕಂಪನಿಯವರು 1500-2000 ಆರ್‌ಪಿಎಂ ಹತ್ತಿರ ಟಾರ್ಕನ್ನು ಹಿಡಿದಿಡುವುದಕ್ಕೆ ಇದೂ ಒಂದು ಕಾರಣ. ರೀಮ್ಯಾಪ್ ಮಾಡುವವರಿಗೆ ಗಿರಾಕಿಯನ್ನು ಖುಷಿಪಡಿಸಲು ಸುಲಭದ ಜಾಗವೂ ಅದೇ. ಅಲ್ಲಿ ಟಾರ್ಕ್ ಏರಿಸಿದರೆ ಸೀಟಿಗೆ ಬೆನ್ನು ಒತ್ತಿಕೊಳ್ಳುತ್ತದೆ, ಟೆಸ್ಟ್ ಡ್ರೈವ್‌ನಲ್ಲೇ ದುಡ್ಡು ಕೊಟ್ಟುಬಿಡುತ್ತೀಯ. ಖಂಬಾಟ್ಕಿ ಘಾಟ್‌ನಲ್ಲಿ ಅಪ್ಪ ಅವ್ವನನ್ನು ಕೂರಿಸಿಕೊಂಡು, ಡಿಕ್ಕಿ ತುಂಬ ಸಾಮಾನು ಹೇರಿ, ಎಸಿ ಹಾಕಿ, ನಾಲ್ಕನೇ ಗೇರಿನಲ್ಲೇ ಎಳೆಸುವವನು ನೀನು. ನಾನೇ ಪಕ್ಕದಲ್ಲಿ ಕೂತು ನೋಡಿದ್ದೇನೆ.

ಪೆಟ್ರೋಲಿನ ಮಾತೂ ಇದೆ. ಅಂಗಡಿಗೆ ಬರುವ ಎಷ್ಟೋ ಫೈಲುಗಳ ಮೂಲ ಯೂರೋಪಿನದು, ಅಲ್ಲಿನ 98 ಆಕ್ಟೇನ್ ಪೆಟ್ರೋಲಿಗೆ ಬರೆದದ್ದು. ಆಕ್ಟೇನ್ ಜಾಸ್ತಿ ಇದ್ದಷ್ಟೂ ಪೆಟ್ರೋಲು ತಾನಾಗಿ ಸಿಡಿಯುವುದು (ನಾಕಿಂಗ್) ಕಡಿಮೆ. 100 ಆಕ್ಟೇನ್ ಪುಣೆಯ ಕೆಲವು ಪಂಪ್‌ಗಳಲ್ಲಿ ಸಿಗುತ್ತದೆ, ಸರಿ. ನಿಪ್ಪಾಣಿ ದಾಟಿ ಚಿಕ್ಕೋಡಿ ಕಡೆ ಹೊರಳಿದ ಮೇಲೆ ಯಾವುದು ಸಿಗುತ್ತದೋ ಅದನ್ನೇ ಹಾಕಿಸಬೇಕು. ಮೇಲಾಗಿ ಈಗ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್. ಎಥನಾಲ್ ನಾಕಿಂಗ್ ತಡೆಯುತ್ತದೆ ನಿಜ. ಆದರೆ ಅದಕ್ಕೆ ಗಾಳಿಯ ಲೆಕ್ಕವೇ ಬೇರೆ. ಒಂದು ಪಾಲು ಪೆಟ್ರೋಲು ಉರಿಯಲು 14.7 ಪಾಲು ಗಾಳಿ ಬೇಕಾದರೆ ಎಥನಾಲ್‌ಗೆ ಒಂಬತ್ತು ಸಾಕು. ಅಂದರೆ ಅದೇ ಗಾಳಿಗೆ ಜಾಸ್ತಿ ಇಂಧನ ಸುರಿಯಬೇಕು, ಇಂಜೆಕ್ಟರ್ ಹೆಚ್ಚು ಹೊತ್ತು ತೆರೆದಿರಬೇಕು. ಈ ಇಂಧನ ಮನಸ್ಸಿನಲ್ಲಿಟ್ಟು ಫೈಲ್ ಬರೆದಿದ್ದಾರಾ ಅಂತ ಕೇಳು. ‘ಅದೆಲ್ಲ ಆಟೋಮ್ಯಾಟಿಕ್’ ಅಂದರೆ ಎದ್ದು ಬಾ.

ಕ್ಲಚ್ ಇರುವುದು 175 ನ್ಯೂಟನ್ ಮೀಟರ್ ಟಾರ್ಕಿನ ಇಂಜಿನ್‌ಗೆ ಅಂತ. ಅದಕ್ಕೂ ಸ್ವಲ್ಪ ಮೀಸಲು ಇರುತ್ತದೆ, ಆದರೆ ನಿನ್ನ ಗಾಡಿಯ ಕ್ಲಚ್ ದಿನಾ ವಾಕಡ್ ಸಿಗ್ನಲ್‌ನಲ್ಲಿ ಸವೆದಿದೆ. ಬ್ರೇಕು ಹಿಂದಗಡೆ ಡ್ರಮ್. ಗಾಡಿ 100ರ ಬದಲು 120ರಲ್ಲಿ ಇದ್ದರೆ ನಿಲ್ಲಿಸಲು ಬ್ರೇಕ್ ನುಂಗಬೇಕಾದ ಶಕ್ತಿ 44 ಪರ್ಸೆಂಟ್ ಜಾಸ್ತಿ. ಫೈಲ್ ಬದಲಿಸಿದ್ದು ಬ್ರೇಕಿಗೆ ಗೊತ್ತಾಗುವುದಿಲ್ಲ.

‘ಬರೀ ಸಾಫ್ಟ್‌ವೇರ್ ಅಲ್ವಾ ಕಾಕಾ’ ಅಂದೆ. ಬರೀ ಅನ್ನಬೇಡ. 2015ರಲ್ಲಿ ಜಗತ್ತೆಲ್ಲ ಗದ್ದಲ ಎದ್ದದ್ದು ಬರೀ ಸಾಫ್ಟ್‌ವೇರಿಗೆ. ನಿನ್ನ ಗಾಡಿ ಮಾಡಿದ ಫೋಕ್ಸ್‌ವ್ಯಾಗನ್ ಕಂಪನಿಯೇ ಡೀಸೆಲ್ ಗಾಡಿಗಳ ಇಸಿಯುನಲ್ಲಿ, ಟೆಸ್ಟ್ ನಡೆಯುತ್ತಿದೆ ಅಂತ ಗೊತ್ತಾದಾಗ ಮಾತ್ರ ಹೊಗೆ ಶುದ್ಧವಾಗಿ ಬಿಡುವ ಹಾಗೆ ಬರೆದಿತ್ತು. ಜಗತ್ತಿನಲ್ಲಿ ಸುಮಾರು 1.1 ಕೋಟಿ ಗಾಡಿ. ನಮ್ಮಲ್ಲಿ ರಸ್ತೆಯ ಮೇಲೆ ಪರೀಕ್ಷೆ ಮಾಡಿ ಹಿಡಿದದ್ದು ಇಲ್ಲೇ ಕೋಥ್ರೂಡ್‌ನ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ. ಆಮೇಲೆ ಭಾರತದಲ್ಲಿ ಸುಮಾರು 3.23 ಲಕ್ಷ ಗಾಡಿಗಳ ಸಾಫ್ಟ್‌ವೇರ್ ಸರಿಮಾಡಲು ಕಂಪನಿ ಒಪ್ಪಿಕೊಂಡಿತು. ಕೆಲವು ಸಾಲು ಬದಲಾದರೆ ಏನೇನು ಬದಲಾಗುತ್ತದೆ ನೋಡು. ಅದಕ್ಕೇ ಇನ್ನೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಶಕ್ತಿ ಇನ್ನೂ ಏರಿಸುವ ಮುಂದಿನ ಸ್ಟೇಜ್ ಅಂತ ಹೇಳಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಲು ಯಾರಾದರೂ ಹೇಳಿದರೆ ಅಲ್ಲಿ ನಿಲ್ಲಲೇಬೇಡ. ಹೊಗೆ ತಪಾಸಣೆಯಲ್ಲಿ, ಅಂದರೆ ಪಿಯುಸಿಯಲ್ಲಿ, ಗಾಡಿ ಪಾಸಾಗುತ್ತದೆ ಅಂತಾರೆ. ಪಿಯುಸಿಯಲ್ಲಿ ಗಾಡಿ ನಿಲ್ಲಿಸಿಕೊಂಡು ನೋಡುತ್ತಾರೆ, ಲೋಡ್ ಎಳೆಯುವಾಗ ಏನು ಬಿಡುತ್ತದೆ ಅಂತ ಅಲ್ಲಿ ಕಾಣುವುದಿಲ್ಲ. ಅದನ್ನು ಉಸಿರಾಡುವುದು ಹಿಂದೆ ಸ್ಕೂಟರಿನಲ್ಲಿ ಮಗು ಕೂರಿಸಿಕೊಂಡು ಬರುವವರು.

ಕಾನೂನಿನ ಮಾತು ಚಿಕ್ಕದು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅನುಮತಿ ಇಲ್ಲದೆ ಗಾಡಿ ಬದಲಿಸಿದರೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ದಾರಿಯಲ್ಲಿ ಪೊಲೀಸರಿಗೆ ಫೈಲ್ ಕಾಣುವುದಿಲ್ಲ, ನಿಜ. ನನಗೆ ಅದಕ್ಕಿಂತ ಚಿಂತೆ ಇನ್ಶೂರೆನ್ಸಿನದು. ದೊಡ್ಡ ಕ್ಲೇಮ್ ಬಂದಾಗ ಇಸಿಯು ಓದಿಸಿ, ತಿಳಿಸದೆ ಬದಲಾಯಿಸಿದ್ದೀರಿ ಅಂತ ತಿರಸ್ಕರಿಸಲು ಅವರಿಗೆ ದಾರಿ ಸಿಗುತ್ತದೆ. ವಾರಂಟಿ ಉಳಿದಿದ್ದರೆ ಅದೂ ಹೋಯಿತು ಅಂತಲೇ ತಿಳಿ. ಹಳೇ ಫೈಲ್ ವಾಪಸ್ ಹಾಕಿದರೂ ಎಷ್ಟು ಸಲ ಬರೆದಿದ್ದಾರೆ ಅನ್ನುವ ಲೆಕ್ಕ ಎಷ್ಟೋ ಇಸಿಯುಗಳಲ್ಲಿ ಉಳಿಯುತ್ತದೆ.

ಹಾಗಾಗಿ ಈ ಗಾಡಿಗೆ, ಈ ಓಡಾಟಕ್ಕೆ, ನನ್ನ ಉತ್ತರ ಬೇಡ ಅಂತ. ಅಣ್ಣ, ವೈನಿ ಕೂರುವ ಗಾಡಿ ಅದು. ಅಲ್ಲಿ ಕೊಡಬೇಕು ಅಂದುಕೊಂಡ ದುಡ್ಡಿನಲ್ಲಿ ನಾಲ್ಕು ಒಳ್ಳೆ ಟೈರ್ ಹಾಕಿಸು. ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್, ಸ್ಪಾರ್ಕ್ ಪ್ಲಗ್ ಬದಲಿಸು. ಘಾಟ್‌ನಲ್ಲಿ ಒಂದು ಗೇರ್ ಇಳಿಸಿ ಓಡಿಸು. ಗಾಡಿಗೆ ಎಳೆತ ಸಾಲದು ಅಂತ ನಿನಗೆ ಅನ್ನಿಸಿದ್ದರಲ್ಲಿ ಅರ್ಧ ಅಲ್ಲೇ ಸರಿಹೋಗುತ್ತದೆ.

ಇನ್ನು ನಿನಗೆ ನಿಜವಾಗಿ ಈ ಮ್ಯಾಪ್‌ಗಳ ಹುಚ್ಚು ಹಿಡಿದಿದ್ದರೆ ನನಗೆ ಅದಕ್ಕಿಂತ ಸಂತೋಷದ ವಿಷಯ ಇಲ್ಲ. ನೀನು ಇರುವುದೇ ಪುಣೆಯಲ್ಲಿ. ಇಲ್ಲಿ ಕ್ಯಾಲಿಬ್ರೇಷನ್ ಅನ್ನುವುದು ಸಾವಿರಾರು ಜನರ ಹೊಟ್ಟೆಪಾಡು. ಕೋಡ್ ಬರೆಯಲು ನಿನಗೆ ಬರುತ್ತದೆ, ಅದನ್ನು ಇಂಜಿನ್ ಕಡೆ ತಿರುಗಿಸು. ಮೊದಲು ಇಸಿಯು ಓದುವ ಒಬಿಡಿ ರೀಡರ್ ಹಚ್ಚಿ ನಿನ್ನ ಗಾಡಿಯ ಬೂಸ್ಟ್ (ಟರ್ಬೊ ಒತ್ತಡ), ಇಗ್ನಿಷನ್ ಟೈಮಿಂಗ್ (ಕಿಡಿ ಬರುವ ಹೊತ್ತು), ಒಳಗೆ ಬರುವ ಗಾಳಿಯ ಬಿಸಿ ಎಲ್ಲ ದಾಖಲು ಮಾಡು. ಓದುವುದಕ್ಕೆ ಯಾರ ಅಪ್ಪಣೆಯೂ ಬೇಡ, ಗಾಡಿಗೂ ಏನೂ ಆಗುವುದಿಲ್ಲ. ಒಂದೇ ಪಂಪ್‌ನ ಪೆಟ್ರೋಲು, ಒಂದೇ ಘಾಟು, ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಓಡಿಸಿ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡು. ಬಿಸಿಲಿನಲ್ಲಿ ಇಸಿಯು ಕಿಡಿಯನ್ನು ಎಷ್ಟು ತಡಮಾಡುತ್ತದೆ ಅಂತ ಕಣ್ಣಾರೆ ಕಂಡಾಗ, ಆ ಉಳಿಸಿದ ಜಾಗ ಯಾಕಿದೆ ಅಂತ ನಾನು ಹೇಳಬೇಕಾಗುವುದಿಲ್ಲ.

ಅಂಗಡಿಯವರಿಗೆ ಅಡ್ವಾನ್ಸ್ ಕೊಟ್ಟಿಲ್ಲ ತಾನೇ? ಕೊಡಬೇಡ. ಭಾನುವಾರ ಗಾಡಿ ತಗೊಂಡು ನಿಗಡಿಗೆ ಬಾ, ಸರ್ವೀಸ್ ಬಿಲ್ಲುಗಳೂ ಇರಲಿ. ಕ್ಲಚ್ ಎಷ್ಟು ಉಳಿದಿದೆ, ಟೈರ್ ಯಾವಾಗಿನವು ಅಂತ ಇಬ್ಬರೂ ಕೂಡಿ ನೋಡೋಣ. ಕಾಕು ನಿನಗೆ ಊಟ ಇಲ್ಲೇ ಅಂತ ಹೇಳಿದ್ದಾಳೆ.

ನಿನ್ನ ಕಾಕಾ