ಬ್ಯಾಂಡ್ ಎಲ್ಲಿ ಸ್ವಾಮಿ, ಬರೀ ಸೆಟ್ಟೇ ಕಾಣ್ತಿದೆ!

ಮಾನ್ಯ ಸಂಪಾದಕರೇ, ನಮಸ್ಕಾರ.

ಮೈದಾನದಲ್ಲಿ ನಡೆಯುತ್ತಾ ನುಡಿಸುವ ಅಮೆರಿಕದ ಬ್ಯಾಂಡ್ ತಂಡಗಳ, ಅಂದರೆ ಡ್ರಮ್ ಕೋರ್‌ಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಅಂತೂ ಕನ್ನಡದಲ್ಲಿ ಯಾರೋ ಈ ವಿಷಯ ಎತ್ತಿದರಲ್ಲ ಅಂತ ಖುಷಿಯಾಯಿತು. ಆದರೆ ಲೇಖನದ ತುಂಬಾ ಮೈದಾನದಲ್ಲಿ ನಿಲ್ಲಿಸುವ ಭಾರಿ ಸೆಟ್‌ಗಳು, ಸ್ಪೀಕರ್‌ಗಳ ಗುಡುಗು, ಮಿರಮಿರ ಮಿಂಚುವ ವೇಷ, ಇವುಗಳದ್ದೇ ಗುಣಗಾನ. ಇಲ್ಲಿ ವರ್ಷವರ್ಷವೂ ದುಡ್ಡು ಕೊಟ್ಟು ನೋಡುವ ನನ್ನಂಥವರಿಗೆ ತಲೆ ಕೆಡುವುದೇ ಅವುಗಳಿಂದ. ಆ ತಕರಾರೂ ನಿಮ್ಮ ಓದುಗರಿಗೆ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಕೋರ್‌ನಲ್ಲಿ ನೂರೈವತ್ತರ ಆಸುಪಾಸು ಹುಡುಗ ಹುಡುಗಿಯರು ಇರುತ್ತಾರೆ, ಮುಖ್ಯ ವಿಭಾಗದಲ್ಲಿ ಇಪ್ಪತ್ತೊಂದು ದಾಟಿದವರಿಗೆ ಜಾಗ ಇಲ್ಲ. ಊದುವುದು ಬರೀ ಹಿತ್ತಾಳೆ ವಾದ್ಯ. ಕ್ಲಾರಿನೆಟ್, ಸ್ಯಾಕ್ಸೊಫೋನ್ ಇಲ್ಲ. ಜೊತೆಗೆ ಡ್ರಮ್‌ಗಳು, ಬಾವುಟ, ಮರದ ರೈಫಲ್ ಹಿಡಿದು ಕುಣಿಯುವ ಕಲರ್ ಗಾರ್ಡ್. ಬೇಸಿಗೆಯಿಡೀ ಬಸ್ಸಿನಲ್ಲಿ ದೇಶ ಸುತ್ತಿ, ಶಾಲೆಗಳ ಜಿಮ್ ನೆಲದ ಮೇಲೆ ಮಲಗಿ, ಒಂದೇ ಒಂದು ಪ್ರದರ್ಶನವನ್ನು ತಿದ್ದಿ ತೀಡಿ ಆಗಸ್ಟ್‌ನಲ್ಲಿ ಇಂಡಿಯಾನಾಪೊಲಿಸ್‌ನ ಲೂಕಸ್ ಆಯಿಲ್ ಸ್ಟೇಡಿಯಂಗೆ ಫೈನಲ್ಸ್‌ಗೆ ಬರುತ್ತಾರೆ. ಆಟ ಹನ್ನೊಂದು ಹನ್ನೆರಡು ನಿಮಿಷ, ಅಷ್ಟೇ. 1972ರಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್ ಅನ್ನುವ ಸಣ್ಣ ಊರಲ್ಲಿ ಶುರುವಾದ ಸ್ಪರ್ಧೆ ಇದು. ನಾನಿರುವುದು ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾದಲ್ಲಿ. 1967ರಿಂದ ವ್ಯಾನ್‌ಗಾರ್ಡ್ ಅನ್ನುವ ದೊಡ್ಡ ಕೋರ್ ಇರುವ ಊರು. ಇಲ್ಲಿ ಕನ್ನಡದವರಿಗೇನೂ ಬರ ಇಲ್ಲ, ಮಕ್ಕಳು ಹೈಸ್ಕೂಲ್ ಬ್ಯಾಂಡ್ ಸೇರುತ್ತಾರೆ, ಅಲ್ಲಿಂದ ಈ ಹುಚ್ಚು ಮನೆಗೆ ಬರುತ್ತದೆ. ನಮ್ಮನೆಗೂ ಹಾಗೇ ಬಂತು.

ಮೊದಲನೆಯ ಸಿಟ್ಟು ಸದ್ದಿನದು. 2004ರಲ್ಲಿ ಮೈಕ್ ಬಂತು, 2009ರಲ್ಲಿ ಸಿಂಥಸೈಜರ್ ಅನ್ನುವ ಎಲೆಕ್ಟ್ರಾನಿಕ್ ಕೀಬೋರ್ಡ್ ಬಂತು. ಮೈಕ್ ಬಂದದ್ದು ಒಳ್ಳೆಯದೇ ಆಯಿತು ಅಂತ ನಾನೇ ಹೇಳುತ್ತೇನೆ. ಅದಕ್ಕೆ ಮುಂಚೆ ಮುಂದಿನ ಸಾಲಿನಲ್ಲಿ ಮರದ ಪಟ್ಟಿಗಳ ಮರಿಂಬಾ ಬಾರಿಸುವವರು ಸ್ಟೇಡಿಯಂಗೆ ಕೇಳಿಸಲಿ ಅಂತ ಗಟ್ಟಿ ಕೋಲು ಹಿಡಿದು ಕುಟ್ಟಬೇಕಿತ್ತು, ಆ ವಾದ್ಯದ ಮೃದು ದನಿ ಕಿವಿಗೆ ಬಿದ್ದದ್ದೇ ಆಮೇಲೆ. ಆದರೆ ಈಗ ನಡೆಯುತ್ತಿರುವುದೇ ಬೇರೆ. ಮುಂದಿನ ಗೆರೆಯ ಎರಡೂ ತುದಿಗೆ ಚಕ್ರದ ಮೇಲೆ ಸಬ್‌ವೂಫರ್, ಅಂದರೆ ತಗ್ಗು ಸ್ವರ ಗುಡುಗಿಸುವ ಸ್ಪೀಕರ್, ತಂದು ನಿಲ್ಲಿಸುತ್ತಾರೆ. ನಿಧಾನದ ಹಾಡು ಏರಿ ಏರಿ ತುದಿಗೆ ಬರುತ್ತದೆ, ಅಷ್ಟೂ ಜನ ಎದೆ ಸೆಟೆಸಿ ವಾದ್ಯ ಎತ್ತುತ್ತಾರೆ, ಇಗೋ ಬಂತು ಅನ್ನುವಷ್ಟರಲ್ಲಿ ಸಿಂಥಸೈಜರ್ ಮುಂದೆ ನಿಂತಿರುವ ಹುಡುಗ ಎಡಗೈ ಕಿರುಬೆರಳಿನಿಂದ ಒಂದು ತಗ್ಗು ಸ್ವರ ಒತ್ತಿ ಹಿಡಿಯುತ್ತಾನೆ. ಕೂತ ಬೆಂಚು ನಡುಗುತ್ತದೆ. ಹಿಂದೆ ಸಾಲಾಗಿ ಟ್ಯೂಬಾ ಅನ್ನುವ ತಗ್ಗು ದನಿಯ ದೊಡ್ಡ ಹಿತ್ತಾಳೆ ವಾದ್ಯ ಹೊತ್ತವರು ಕೆನ್ನೆ ಕೆಂಪಗಾಗುವ ಹಾಗೆ ಊದುತ್ತಿರುವುದು ಕಾಣುತ್ತದೆ, ಕೇಳುವುದಿಲ್ಲ. ಆ ಸದ್ದು ಅವರದೋ, ಕಿರುಬೆರಳಿನದೋ ಹೇಳಿ ನೋಡೋಣ? ಬೇಸಿಗೆಯಿಡೀ ಬಿಸಿಲಲ್ಲಿ ಬೆಂದು ಗಳಿಸಿದ ದಮ್ಮು ಅದು, ಅದರ ಮೇಲೆ ಯಾಕೆ ಕರೆಂಟಿನ ಹೊದಿಕೆ?

ಸೋಲೋ ಕಥೆಯೂ ಅಷ್ಟೇ. ಟ್ರಂಪೆಟ್ ಹಿಡಿದವರು ಐವತ್ತು ಗಜ ದೂರದಿಂದ ಮೇಲಿನ ಸಾಲಿಗೆ ಮುಟ್ಟಿಸುತ್ತಿದ್ದರು, ಈಗ ಮೈಕ್ ಹತ್ತಿರ ಬಂದು ನಿಲ್ಲುತ್ತಾರೆ.

ಇನ್ನು ಹಾಡು. ಸ್ವಾಮಿ, ಒಂದು ಟ್ಯೂನ್ ಪೂರ್ತಿ ನುಡಿಸಿದರೆ ಇವರ ಗಂಟೇನು ಹೋಗುತ್ತದೆ? ಇಪ್ಪತ್ತು ಸೆಕೆಂಡ್ ಗೊತ್ತಿರುವ ಹಾಡು, ಆಮೇಲೆ ಧಡ್ ಅಂತ ಒಂದು ಸದ್ದು, ಆಮೇಲೆ ಯಾರೋ ಪಿಸುಗುಡುವ ಧ್ವನಿಯಲ್ಲಿ 'ನಾನು ಯಾರು', 'ಸಮಯ ಎಂದರೇನು' ಥರದ ಮಾತು, ಆಮೇಲೆ ಇನ್ನೊಂದು ಹಾಡಿನ ಚೂರು. ಪಲ್ಲವಿ ಹಾಡಿ ಅನುಪಲ್ಲವಿಗೆ ಬರುವ ಮುಂಚೆ ತಂಬೂರಿ ಎತ್ತಿಕೊಂಡು ಹೋದ ಹಾಗೆ. ಮನೆಗೆ ಹೋಗುವಾಗ ಕಾರಿನಲ್ಲಿ ಗುನುಗೋಣ ಅಂದರೆ ಏನೂ ನೆನಪಿರುವುದಿಲ್ಲ. ಕಥೆ ಏನು ಅಂತ ತಿಳಿಯಲು ಅವರ ವೆಬ್‌ಸೈಟ್‌ನಲ್ಲಿ ಹಾಕಿದ ವಿವರಣೆ ಓದಬೇಕು, ಓದಿದ ಮೇಲೂ ತಿಳಿಯದಿದ್ದರೆ ನಮ್ಮ ತಲೆಯಲ್ಲೇ ಏನೋ ಕಮ್ಮಿ ಅಂತ ಅಂದುಕೊಳ್ಳಬೇಕು.

ಸೆಟ್‌ಗಳ ವಿಷಯಕ್ಕೆ ಬಂದರೆ, ರ‍್ಯಾಂಪು, ಗೋಡೆ, ಮೆಟ್ಟಿಲು, ಪೆಟ್ಟಿಗೆ, ಏನುಂಟು ಏನಿಲ್ಲ. ಇವೆಲ್ಲ ನೂರು ಗಜದ ಮೈದಾನದಲ್ಲಿ ಜಾಗ ತಿನ್ನುತ್ತವೆ. ಮೊದಲು ಇಡೀ ಕೋರ್ ಒಂದೇ ಗೆರೆಯಾಗಿ, ಭುಜಕ್ಕೆ ಭುಜ ತಾಗಿಸಿ, ನುಡಿಸುತ್ತಾ ನಮ್ಮ ಕಡೆಗೆ ನಡೆದು ಬರುತ್ತಿತ್ತು. ಅದಕ್ಕೆ ಕಂಪನಿ ಫ್ರಂಟ್ ಅನ್ನುತ್ತಾರೆ. ಒಂದು ಹೆಜ್ಜೆ ತಪ್ಪಿದರೂ ಸ್ಟೇಡಿಯಂಗೇ ಗೊತ್ತಾಗುತ್ತದೆ, ಬಚ್ಚಿಟ್ಟುಕೊಳ್ಳಲು ಜಾಗ ಇಲ್ಲ, ಅದಕ್ಕೇ ನೋಡಲು ಅಷ್ಟು ಚೆಂದ. ಈಗ ಓಡಿ ಹೋಗಿ ಒಂದು ಗುಂಪಾಗಿ ನಿಲ್ಲುವುದು, ನಿಂತಲ್ಲೇ ಸೊಂಟ ಬಾಗಿಸಿ ಕೈ ಬೀಸುವುದು, ನುಡಿಸುವುದು, ಮತ್ತೆ ಓಡುವುದು. ಅದೂ ಕಷ್ಟದ ಕೆಲಸವೇ, ಇಲ್ಲ ಅನ್ನುವುದಿಲ್ಲ. ಆದರೆ ಕೆಳಗಿನ ಸಾಲಿನಲ್ಲಿ ಕೂತವರಿಗೆ ಕಾಣುವುದು ಗೋಡೆಯ ಮುಂಭಾಗ, ಅದರ ಮೇಲೆ ಇಣುಕುವ ನಾಲ್ಕು ತಲೆ.

ವೇಷ ನೋಡಿ ಯಾವ ತಂಡ ಅಂತ ಹೇಳುವ ಕಾಲವೂ ಹೋಯಿತು. ವ್ಯಾನ್‌ಗಾರ್ಡ್ ಅಂದರೆ ಕೆಂಪು ಕೋಟು, ಒಂದು ಪಕ್ಕ ಮಡಚಿದ ಅಗಲ ಟೋಪಿ. ವಯೋಮಿಂಗ್‌ನ ಟ್ರೂಪರ್ಸ್ ಅಂದರೆ ಹಳೆಯ ಕುದುರೆ ದಳದ ನೀಲಿ ದಿರಿಸು. ಈಗ ಎಷ್ಟೋ ತಂಡಗಳಿಗೆ ವರ್ಷಕ್ಕೊಂದು ಹೊಸ ವೇಷ, ಮೈಗೆ ಅಂಟಿದ ಬಟ್ಟೆ, ಟೋಪಿ ಮಾಯ. ಯಾರು ಬ್ಲೂ ಯಾರು ರೆಡ್ ಅಂತ ಪಕ್ಕದವರನ್ನು ಕೇಳಬೇಕು.

ಇದೆಲ್ಲ ಯಾಕೆ ಹೀಗಾಯಿತು ಅಂದರೆ ಅಂಕಪಟ್ಟಿ ನೋಡಿ. ನೂರರಲ್ಲಿ ನಲವತ್ತು ಅಂಕ 'ಜನರಲ್ ಎಫೆಕ್ಟ್'ಗೆ, ಅಂದರೆ ಒಟ್ಟು ಪರಿಣಾಮಕ್ಕೆ. ಉಳಿದದ್ದು ದೃಶ್ಯಕ್ಕೆ ಮೂವತ್ತು, ಸಂಗೀತಕ್ಕೆ ಮೂವತ್ತು. 1984ಕ್ಕೆ ಮುಂಚೆ ಒಂದೊಂದು ತಪ್ಪಿಗೂ ಗೀರು ಹಾಕಿ ಅಂಕ ಕಳೆಯುತ್ತಿದ್ದರು. ಆ ಲೆಕ್ಕ ವಾಪಸ್ ಬರಲಿ ಅಂತ ನಾನು ಕೇಳುತ್ತಿಲ್ಲ, ಅದು ತಂಡಗಳ ಧೈರ್ಯವನ್ನೇ ಕೊಲ್ಲುತ್ತಿತ್ತು. ಆದರೆ ಈ ನಲವತ್ತು ಅಂಕ ಕೊಡುವವರು ಕೂರುವುದು ಎಲ್ಲರಿಗಿಂತ ಮೇಲೆ, ನಡು ಗೆರೆಗೆ ನೇರವಾಗಿ. ಅಲ್ಲಿಂದ ನೋಡಿದರೆ ಸೆಟ್‌ಗಳ ವಿನ್ಯಾಸ ರಂಗೋಲಿ ಥರ ಸ್ಪಷ್ಟ. ಡಿಸೈನರ್‌ಗಳೂ ಅವರ ಕಣ್ಣಿಗೇ ಕಟ್ಟುತ್ತಾರೆ. ಗೆದ್ದವರು ಏನು ಮಾಡಿದರೋ ಮುಂದಿನ ವರ್ಷ ಉಳಿದವರೂ ಅದನ್ನೇ ಮಾಡುತ್ತಾರೆ.

'ಅಭಿಮಾನಿಗಳು ಯಾವಾಗಲೂ ಗೊಣಗುತ್ತಾರೆ, 1993ರಲ್ಲಿ ಸ್ಟಾರ್ ಆಫ್ ಇಂಡಿಯಾನಾ ತಂಡಕ್ಕೂ ಬೊಬ್ಬೆ ಹೊಡೆದಿದ್ದರಲ್ಲ' ಅಂತ ಕೆಲವರು ಬಾಯಿ ಮುಚ್ಚಿಸಲು ಬರುತ್ತಾರೆ. ನಿಜ, ಹೊಡೆದಿದ್ದರು. ಆ ವರ್ಷ ಅವರು ಬಾರ್ಬರ್, ಬಾರ್ಟಾಕ್ ಅನ್ನುವ ರಚನೆಕಾರರ ಸಂಗೀತ ತಂದರು, ಕಿವಿಗೆ ಕಷ್ಟದ್ದು, ಎರಡನೇ ಸ್ಥಾನ ಬಂತು. ಇವತ್ತು ಅದನ್ನೇ ಎಲ್ಲರೂ ತಲೆ ಮೇಲೆ ಹೊತ್ತು ಮೆರೆಸುತ್ತಾರೆ. ಆದರೆ ಗಮನಿಸಿ, ಅಲ್ಲಿ ಕೇಳಿದ ಒಂದೊಂದು ಸ್ವರವೂ ಮೈದಾನದಲ್ಲಿದ್ದವರ ಬಾಯಿ ಕೈಯಿಂದಲೇ ಬಂದದ್ದು. ಜನಕ್ಕೆ ಆಗ ಹಿಡಿಸದೆ ಇದ್ದದ್ದು ಸಂಗೀತದ ಆಯ್ಕೆ. ನಮ್ಮ ಜಗಳ ಆಯ್ಕೆಯದಲ್ಲ, ನುಡಿಸುವವರನ್ನೇ ಮುಚ್ಚಿಹಾಕುವುದರದು.

ಹೊಸದು ಅಂದರೆ ನನಗೆ ಅಲರ್ಜಿ ಅಂತಲೂ ತಿಳಿಯಬೇಡಿ. 2016ರಲ್ಲಿ ಗೆದ್ದ ಬ್ಲೂಕೋಟ್ಸ್ ತಂಡ ಬಾಗಿದ ರ‍್ಯಾಂಪ್‌ಗಳನ್ನೇ ತಂದಿತ್ತು, ಸಾಂಪ್ರದಾಯಿಕ ಯೂನಿಫಾರ್ಮ್ ಕೈಬಿಟ್ಟಿತ್ತು. ಆದರೂ ಅದು ನನಗೆ ತುಂಬಾ ಇಷ್ಟ. ಮಕ್ಕಳು ಆ ರ‍್ಯಾಂಪ್ ಹತ್ತಿದರು, ಜಾರಿದರು, ಅದರ ಮೇಲೆ ನಿಂತು ಊದಿದರು. ಅದು ಸುಮ್ನೆ ನಿಲ್ಲಿಸಿದ ಅಲಂಕಾರ ಆಗಿರಲಿಲ್ಲ. 2008ರಲ್ಲಿ ಫ್ಯಾಂಟಮ್ ರೆಜಿಮೆಂಟ್ ತಂಡ ರೋಮ್ ವಿರುದ್ಧ ದಂಗೆ ಎದ್ದ ಗುಲಾಮ ಸ್ಪಾರ್ಟಕಸ್‌ನ ಕಥೆ ಆಡಿತು. 'ಸ್ಪಾರ್ಟಕಸ್ ನಾನೇ' ಅಂತ ಒಬ್ಬೊಬ್ಬರೇ ಕೂಗಿದಾಗ ವಿವರಣೆಯ ಚೀಟಿ ಯಾರಿಗೂ ಬೇಕಾಗಲಿಲ್ಲ. ಬ್ಲೂ ಡೆವಿಲ್ಸ್‌ನಂಥ ತಂಡವನ್ನು 0.025 ಅಂಕದಿಂದ ದಾಟಿ ಗೆದ್ದರು. ಜಡ್ಜ್‌ಗಳಿಗೂ ಜನಕ್ಕೂ ಒಟ್ಟಿಗೆ ಹಿಡಿಸುವುದು ಸಾಧ್ಯ ಅಲ್ವಾ ಹಾಗಾದರೆ?

ದುಡ್ಡಿನ ಮಾತೂ ಇದೆ. ಒಂದು ಬೇಸಿಗೆಗೆ ಒಬ್ಬೊಬ್ಬರೂ ಸಾವಿರಾರು ಡಾಲರ್ ಫೀ ಕಟ್ಟುತ್ತಾರೆ. ನಮ್ಮೂರಿನ ವ್ಯಾನ್‌ಗಾರ್ಡ್ ಏಳು ಸಲ ಚಾಂಪಿಯನ್ ಆದ ತಂಡ, ಹಣದ ತೊಂದರೆಯಿಂದ 2023ರಲ್ಲಿ ಮೈದಾನಕ್ಕೇ ಇಳಿಯಲಿಲ್ಲ. ಸೆಟ್‌ಗಳಿಂದಲೇ ಹಾಗಾಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಅಂಥ ದೊಡ್ಡ ತಂಡಕ್ಕೇ ಈ ಗತಿ ಇರುವಾಗ, ಆಗಸ್ಟ್ ಮುಗಿದರೆ ಕೆಲಸಕ್ಕೆ ಬಾರದ ಗೋಡೆಗಳನ್ನು ಕಟ್ಟಿ, ಲಾರಿಗೆ ಹೇರಿ, ದೇಶದ ಉದ್ದಗಲ ಹೊತ್ತು ತಿರುಗುವುದು ಯಾವ ಲೆಕ್ಕ?

ನಮ್ಮಂಥವರು ಏನು ಮಾಡುತ್ತೇವೆ ಗೊತ್ತಾ? ಬೇಗ ಹೋಗಿ ಸ್ಟೇಡಿಯಂ ಹೊರಗೆ ಪಾರ್ಕಿಂಗ್ ಜಾಗದಲ್ಲಿ ನಿಲ್ಲುತ್ತೇವೆ. ಒಳಗೆ ಹೋಗುವ ಮುಂಚೆ ತಂಡಗಳು ಅಲ್ಲೇ ಕೈ ಬಿಸಿ ಮಾಡಿಕೊಳ್ಳುವುದು. ಸ್ನೇರ್ ಡ್ರಮ್ ಹಿಡಿದವರ ಸಾಲು ಅರ್ಧ ವೃತ್ತವಾಗಿ ನಿಲ್ಲುತ್ತದೆ, ಹತ್ತು ಅಡಿ ದೂರದಲ್ಲಿ ನಾವು. ಅಷ್ಟೂ ಜೊತೆ ಕೋಲು ಒಂದೇ ಎತ್ತರಕ್ಕೆ ಏಳುತ್ತವೆ, ಒಂದೇ ಪೆಟ್ಟಾಗಿ ಬೀಳುತ್ತವೆ. ಮೈಕೂ ಇಲ್ಲ, ಟಿಕೆಟ್ಟೂ ಇಲ್ಲ. ಒಳಗಿನ ಹನ್ನೆರಡು ನಿಮಿಷಕ್ಕಿಂತ ಇದೇ ವಾಸಿ ಅನ್ನುವವರು ನನ್ನ ಪರಿಚಯದಲ್ಲೇ ಬೇಕಾದಷ್ಟು ಜನ ಇದ್ದಾರೆ.

ನಾನು ಕೇಳುವುದು ಜಾಸ್ತಿ ಇಲ್ಲ. ಹಿತ್ತಾಳೆ ವಾದ್ಯ ನುಡಿಸುವ ಸ್ವರವನ್ನೇ ಸಿಂಥಸೈಜರ್‌ನಲ್ಲೂ ಒತ್ತುವುದಕ್ಕೆ ಒಂದು ಮಿತಿ ಹಾಕಲಿ. ಎಫೆಕ್ಟ್ ಅಂಕ ಕೊಡುವವರಲ್ಲಿ ಒಬ್ಬರಾದರೂ ಕೆಳಗಿನ ಸಾಲಿಗೆ ಬಂದು ನಮ್ಮ ಜೊತೆ ಕೂರಲಿ. ನಿಯಮ ಬದಲಿಸುವ ಪ್ರಸ್ತಾಪ ತರುವುದು, ಮತ ಹಾಕುವುದು ಎಲ್ಲಾ ಕೋರ್‌ಗಳವರೇ. ನೋಡುವವರಿಗೆ ಮತ ಇಲ್ಲ. ಹಾಗಾಗಿ ಪತ್ರಿಕೆಗೆ ಬರೆಯುವುದೊಂದೇ ದಾರಿ. ನಿಮ್ಮವರು ಮತ್ತೆ ಈ ವಿಷಯ ಬರೆಯುವಾಗ ಡಿಸೈನರ್‌ಗಳ ಜೊತೆಗೆ ಟ್ಯೂಬಾ ಹೊತ್ತ ಹುಡುಗಿಯನ್ನೂ ಒಂದು ಮಾತು ಕೇಳಿಸಿ, ಅವಳ ಸದ್ದು ಅವಳಿಗಾದರೂ ಕೇಳುತ್ತದಾ ಅಂತ.

ಇಂತಿ,
ಒಬ್ಬ ಪ್ರೇಕ್ಷಕ
ಸಾಂತಾ ಕ್ಲಾರಾ, ಕ್ಯಾಲಿಫೋರ್ನಿಯಾ