ಏರಿ ಮೇಲಿಂದಲೇ ವಾಪಸ್ ಹೋಗಬೇಡಿ: ಸೂಳೆಕೆರೆ ಬಗ್ಗೆ ಸಚಿವರಿಗೊಂದು ಪತ್ರ

ಮಾನ್ಯ ಜಲಸಂಪನ್ಮೂಲ ಸಚಿವರಿಗೆ ನಮಸ್ಕಾರ.

ನಾನು ಚನ್ನಗಿರಿ ತಾಲ್ಲೂಕಿನವನು. ಸೂಳೆಕೆರೆಯ ಕೆಳಗೆ ನಮ್ಮ ಗದ್ದೆ. ಕೆರೆ ನೋಡಲು ದೊಡ್ಡವರು ಯಾರೇ ಬಂದರೂ ಕಾರು ನಿಲ್ಲುವುದು ಏರಿ ಹತ್ತಿರ. ಗಾಳಿ ಚೆನ್ನಾಗಿರುತ್ತದೆ. ನಾಲ್ಕು ಫೋಟೊ ತೆಗೆಸಿಕೊಂಡು, ಸಿದ್ಧೇಶ್ವರನಿಗೆ ಕೈಮುಗಿದು ಹೊರಡುತ್ತಾರೆ. ಕೆರೆ ತುಂಬಿದರೆ ಬಾಗಿನ ಬಿಡುವುದೂ ಇದೇ ಕಡೆ. ನನ್ನ ಕೋರಿಕೆ ಇಷ್ಟೇ: ಒಂದು ಸಲ ಆಚೆ ದಡಕ್ಕೂ ಬನ್ನಿ.

ಈ ಏರಿ ಸುಮಾರು 950 ಅಡಿ ಉದ್ದ. ಅಷ್ಟರಲ್ಲಿ 5,000 ಎಕರೆಗೂ ಜಾಸ್ತಿ ನೀರು ನಿಲ್ಲಬೇಕು ಅಂದರೆ ಆಶ್ಚರ್ಯ ಅಲ್ವಾ? ಎರಡು ಗುಡ್ಡ ಹತ್ತಿರ ಬಂದ ಜಾಗ ಇದು. ನಡುವಿನ ಸಂದಿಯಲ್ಲಿ ಹರಿದ್ರಾ ಹೊಳೆ ಹರಿಯುತ್ತಿತ್ತು. ಹಳಬರು ಆ ಸಂದಿಯೊಂದನ್ನೇ ಕಟ್ಟಿದರು, ಉಳಿದದ್ದನ್ನು ಗುಡ್ಡಕ್ಕೆ ಬಿಟ್ಟರು. ಸಿದ್ಧ, ಬಸವ ಅಂತ ಎರಡು ತೂಬು ಇಟ್ಟರು. ಇಲ್ಲಿಂದ ಮುಂದೆ ಹೊಳೆ ಹರಿಹರದ ಹತ್ತಿರ ತುಂಗಭದ್ರೆಗೆ ಸೇರುತ್ತದೆ. ರಾಜನ ಮಗಳು ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ ಸೂಳೆಯರು ತಮ್ಮ ಜಾಗ ಬಿಟ್ಟುಕೊಟ್ಟು, ಹೆಸರು ಮಾತ್ರ ನಮ್ಮದಿರಲಿ ಅಂದರಂತೆ. ಕಾಗದದಲ್ಲಿ ಈಗ ಶಾಂತಿಸಾಗರ. ನಮ್ಮ ಬಾಯಲ್ಲಿ ಹಳೆಯದೇ ಇದೆ. ಮಾತು ಕೊಟ್ಟ ಮೇಲೆ ತಪ್ಪುವುದು ಹೇಗೆ? ಇನ್ನು 'ಏಷ್ಯಾದ ಎರಡನೇ ದೊಡ್ಡ ಕೆರೆ' ಅನ್ನೋ ಮಾತು ಪ್ರತಿ ಭಾಷಣದಲ್ಲೂ ಬರುತ್ತದೆ. ಅದು ಹಾಗಿರಲಿ.

ಏರಿ ಬುಡದಲ್ಲಿ ನೀರು ಆಳ. ಆಚೆ ಕಡೆ ಹೋದಂತೆ ನೆಲ ತಟ್ಟೆಯಂತೆ ಮೆಲ್ಲಗೆ ಏರುತ್ತದೆ. ಇಲ್ಲಿ ನೀರು ಒಂದಡಿ ಇಳಿದರೆ ಕಲ್ಲಿನ ಮೇಲೆ ಒದ್ದೆ ಗೆರೆ ಕಾಣುತ್ತದೆ, ಅಷ್ಟೇ. ಅಲ್ಲಿ ಅದೇ ಒಂದಡಿಗೆ ಹೊಲದಷ್ಟು ನೆಲ ಹೊರಬೀಳುತ್ತದೆ. ಮಳೆಗಾಲದಲ್ಲಿ ಹಳ್ಳಗಳು ರಭಸವಾಗಿ ಬಂದು, ನಿಂತ ನೀರು ಮುಟ್ಟಿದ ಕೂಡಲೇ ನಿಧಾನವಾಗುತ್ತವೆ. ಹೊತ್ತು ತಂದ ಮಣ್ಣನ್ನು ಮೊದಲು ಅಲ್ಲೇ ಇಳಿಸುತ್ತವೆ. ಹಾಗಾಗಿ ಕೆರೆ ಸಣ್ಣದಾಗುವುದು ಹಿಂಬದಿಯಿಂದ. ಏರಿ ಮೇಲೆ ನಿಂತವರಿಗೆ ಅದು ಗೊತ್ತೇ ಆಗುವುದಿಲ್ಲ.

ನಮ್ಮಕ್ಕನ ಮನೆ ಆ ಕಡೆಯ ಹಳ್ಳಿಯಲ್ಲಿದೆ. ಒಂದು ಬೇಸಿಗೆಯಲ್ಲಿ ಅವಳ ಮಗನ ಜೊತೆ ಅಂಚಿನಲ್ಲಿ ನಡೆದು ಹೋದೆ. ಬಿರುಕು ಬಿಟ್ಟ ಕರಿ ಮಣ್ಣು, ಕಾಲಿಟ್ಟಲ್ಲೆಲ್ಲ ಬಸವನಹುಳುವಿನ ಚಿಪ್ಪು ಚಟಚಟ ಅನ್ನುತ್ತಿತ್ತು. ಎಮ್ಮೆ ಗೊರಸಿನ ಗುಂಡಿಗಳಲ್ಲಿ ಇನ್ನೂ ಅಂಗೈಯಷ್ಟು ನೀರು, ಅದರಲ್ಲಿ ಮರಿಮೀನು. ಸ್ವಲ್ಪ ಮುಂದೆ ಬಾಳೆ, ಬಾಳೆ ನೆರಳಲ್ಲಿ ಮೊಣಕಾಲೆತ್ತರದ ಅಡಿಕೆ ಸಸಿ. ಹನಿ ನೀರಾವರಿ ಪೈಪು ಬೇರೆ. ಆ ಸಸಿಗಳ ಬುಡದಲ್ಲೂ ಅದೇ ಚಿಪ್ಪು. 'ಇದು ಯಾರದೋ?' ಅಂದೆ. ಅವನು ನಕ್ಕು, 'ಸುಮ್ನೆ ಬಾ ಮಾವ' ಅಂದ. ಆಮೇಲೆ ಒಂದು ಕಚೇರಿಗೆ ಹೋಗಿ ಕೆರೆಯ ಗಡಿಕಲ್ಲು ಎಲ್ಲಿ ಎಂದು ಕೇಳಿದೆ. ಯಾವ ಕಲ್ಲು ಎಂದು ನನ್ನನ್ನೇ ಕೇಳಿದರು.

ಅಡಿಕೆ ಹಾಕಿದವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಕಡೆ ಎರಡೆಕರೆ ಇದ್ದವನಿಗೂ ಅಡಿಕೆಯದೇ ಕನಸು. ಆದರೆ ಚಿತ್ರದುರ್ಗದ ನಲ್ಲಿಗೂ ಈ ಕೆರೆಯಿಂದ ನೀರು ಹೋಗುತ್ತದೆ. ಮಳೆ ಕೈಕೊಟ್ಟರೆ ಭದ್ರಾ ನಾಲೆಯ ನೀರು ಬರುತ್ತದಲ್ಲ ಅನ್ನುತ್ತಾರೆ. ಬಂದ ನೀರು ನಿಲ್ಲಲು ಜಾಗ ಬೇಕಲ್ಲ ಸ್ವಾಮಿ.

ಏರಿ ಮೇಲೆ ದೀಪ, ಉದ್ಯಾನ ಮಾಡಿ, ಬೇಡ ಅನ್ನುವುದಿಲ್ಲ. ಮೊದಲು ಹಿಂಬದಿಗೆ ಗಡಿಕಲ್ಲು ನೆಡಿಸಿ. ಹೂಳೆತ್ತುವ ದುಡ್ಡು ಬಂದರೆ ಹಳ್ಳಗಳ ಬಾಯಿಂದ ಶುರು ಮಾಡಿಸಿ. ಎತ್ತಿದ ಗೋಡು ಮಣ್ಣನ್ನು ಹೊಲಕ್ಕೆ ಹೊಡೆಯಲು ರೈತರು ಟ್ರ್ಯಾಕ್ಟರ್ ತಂದೇ ತರುತ್ತಾರೆ.

ಬಾಗಿನಕ್ಕೆ ಬರಬೇಡಿ, ಏಪ್ರಿಲ್ ಕೊನೆಯಲ್ಲಿ ಬನ್ನಿ. ಬೆಳಿಗ್ಗೆ ಎಂಟರೊಳಗೆ ಬಂದರೆ ಒಳ್ಳೆಯದು, ಆಮೇಲೆ ಬಿಸಿಲು ತಡೆಯುವುದಿಲ್ಲ. ಕಾರು ಊರ ಹತ್ತಿರ ಬಿಟ್ಟು ನಡೆಯಬೇಕಾಗುತ್ತದೆ. ಅಕ್ಕನ ಮನೆಯಲ್ಲಿ ಮಜ್ಜಿಗೆ ಸಿಗುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಸೂಳೆಕೆರೆ ಅಚ್ಚುಕಟ್ಟಿನ ಒಬ್ಬ ರೈತ