‘ಸುಮ್ಮನೆ ಬಿದ್ದ’ ಬೆಟ್ಟದ ಬಗ್ಗೆ

ಚಿರಂಜೀವಿ ಪುಟ್ಟನಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಪುಷ್ಯ ಮಳೆ ಹಿಡಿದದ್ದು ಬಿಟ್ಟಿಲ್ಲ. ಅಡಿಕೆಗೆ ಎರಡನೆಯ ಸಲದ ಔಷಧಿ ಹೊಡೆಸಬೇಕು, ಮಳೆ ನಿಂತು ಒಂದು ಹೊತ್ತಿನ ಹೊಳವೂ ಸಿಗುತ್ತಿಲ್ಲ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ದಿನಾ ಬಂದು ಜಗಲಿಯಲ್ಲಿ ಕೂತು, ಕವಳ ಹಾಕಿ, ಆಕಾಶ ನೋಡಿ ಎದ್ದು ಹೋಗುತ್ತಾನೆ. ಕೆಳಗಿನ ಸಾಲಿನಲ್ಲಿ ಕೊಳೆರೋಗ ಶುರುವಾಗಿದೆ. ನಿನ್ನೆ ದೊಡ್ಡಮ್ಮ ಮರಕೆಸುವಿನ ಪತ್ರೊಡೆ ಮಾಡಿ ನಿನ್ನನ್ನು ನೆನೆದಳು.

ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತಿಗೆ ಆಗಲೇ ಉತ್ತರ ಕೊಡಲಿಲ್ಲ. ಸಿಟ್ಟು ಬಂದಿತ್ತು, ಬಾಯಿ ಮುಚ್ಚಿಕೊಂಡೆ. ಬೆಂಗಳೂರಿನ ಕೆಲಸ ಬಿಟ್ಟು ತೋಟ ನೋಡಿಕೊಳ್ಳಲು ಬರುತ್ತೇನೆ ಎಂದೆಯಲ್ಲ, ಅದು ಸಂತೋಷವೇ. ಆದರೆ “ಸೊಪ್ಪಿನ ಬೆಟ್ಟ ಸುಮ್ಮನೆ ಬಿದ್ದಿದೆ ದೊಡ್ಡಪ್ಪ, ಜೆಸಿಬಿ ಕರೆಸಿ ಅಡಿಕೆ ಸಸಿ ಇಡೋಣ” ಎಂದೆ. ಬೆಟ್ಟ ನಮ್ಮ ಸ್ವಂತದ್ದಲ್ಲ, ತೋಟಕ್ಕೆ ಸೊಪ್ಪು, ದರಗು (ಒಣಗಿ ಉದುರಿದ ಎಲೆ) ತರಲು ಸರ್ಕಾರ ಬಿಟ್ಟಿರುವ ಸೌಲಭ್ಯ, ಮರ ಕಡಿದರೆ ಕೇಸಾಗುತ್ತದೆ. ಕಾನೂನಿನ ಉತ್ತರ ಇಷ್ಟೇ. ನನಗೆ ನಿದ್ದೆಗೆಡಿಸಿದ್ದು ಆ ‘ಸುಮ್ಮನೆ’.

ನಿನ್ನ ಅಜ್ಜನ ಬಾಯಲ್ಲಿ ತೋಟದ ಮೇಲಿನ ನೆಲಕ್ಕೆಲ್ಲ ‘ಕಾಡು’ ಎಂಬ ಒಂದೇ ಹೆಸರು ಇರಲಿಲ್ಲ. ದನ ಮೇಯುವುದು ಬ್ಯಾಣ. ಗದ್ದೆಯಂಚಿನ ಕುರುಚಲು ಹಕ್ಕಲು. ಸೊಪ್ಪು ಕಡಿಯುವುದು ಬೆಟ್ಟ. ಕೆಸರಿನಲ್ಲಿ ರಾಮಪತ್ರೆ ಜಾತಿಯ ಮರಗಳು ಬೇರನ್ನು ಮಂಡಿಯಂತೆ ಮೇಲೆತ್ತಿ ನಿಲ್ಲುವ ತಾವು ಜಡ್ಡಿ. ಹಗಲಲ್ಲೂ ಕತ್ತಲೆ ಕವಿದು, ಕಾಳುಮೆಣಸು ಮರಕ್ಕೆ ಹಬ್ಬಿ, ಬೇಸಿಗೆಯಲ್ಲೂ ನೀರು ಒಸರುವುದು ಕಾನು. ಹೆಸರು ಹೇಳಿದರೆ ಸಾಕಿತ್ತು, ಎಲ್ಲಿಗೆ ಕತ್ತಿ ಒಯ್ಯಬೇಕು, ಎಲ್ಲಿ ಸೊಂಟದಿಂದ ತೆಗೆಯಬಾರದು ಎಂಬುದು ಆಳುಮಕ್ಕಳಿಗೂ ತಿಳಿಯುತ್ತಿತ್ತು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಇಬ್ಬರು ಅಧಿಕಾರಿಗಳು ಪಕ್ಕದ ಸೊರಬ ತಾಲೂಕಿನಲ್ಲಿ ಇಂಥ 171 ಕಾನುಗಳ ಲೆಕ್ಕ ಬರೆದರು. ಇಂಗ್ಲಿಷ್ ವರದಿಯ ತಲೆಬರಹದಲ್ಲೂ ಕಾನನ್ನು ಕಾನೆಂದೇ ಇಟ್ಟರು. ನಾವೋ, ಪಹಣಿಯ ಸರ್ವೆ ನಂಬರಿನಲ್ಲಿ ಮಾತಾಡುತ್ತೇವೆ.

ನಾನೇನೂ ಸಾಚಾ ಅಲ್ಲ. ನಿನ್ನಪ್ಪನ ಮದುವೆಯ ವರ್ಷ ಅಬ್ಬಿಮೂಲೆಯ ಮೇಲಿನ ಕಾನಿನ ಅಂಚನ್ನು ಸವರಿಸಿ ಬಾಳೆ ಹಾಕಿಸಿದವನು ನಾನೇ. ಆ ಕಾನಿನಿಂದ ಅಡಿಕೆ ಮರ ಸೀಳಿ ಮಾಡಿದ ದಬ್ಬೆಯಲ್ಲಿ ಹರಿದ ನೀರು ನೇರವಾಗಿ ಬಚ್ಚಲ ಹಂಡೆಗೆ ಬೀಳುತ್ತಿತ್ತು, ಅದೇ ನಮ್ಮ ಅಬ್ಬಿ. ರಾತ್ರಿ ಎಚ್ಚರವಾದರೆ ಮೊದಲು ಕೇಳುತ್ತಿದ್ದದ್ದು ಆ ಸದ್ದು. ಮೂರನೆಯ ಬೇಸಿಗೆಗೆ ದಬ್ಬೆ ಒಣಗಿ ಬಿರಿಯಿತು. ಅಜ್ಜ ಬೈಯಲಿಲ್ಲ. ದಬ್ಬೆಗಳನ್ನು ಒಂದೊಂದಾಗಿ ಕಳಚಿ ತಂದು ಬಚ್ಚಲ ಒಲೆಗೆ ಹಾಕಿದರು. ಕಳೆದ ರಜೆಯಲ್ಲಿ ನಿನ್ನ ಮಗಳು “ಅಬ್ಬಿಮೂಲೆ ಅಂದರೆ ಏನಜ್ಜ?” ಎಂದು ಕೇಳಿದಾಗ ಅಲ್ಲಿ ತೋರಿಸಲು ಒಂದು ಬೋರ್‌ವೆಲ್ ಪೈಪು ಇತ್ತು. ಅಬ್ಬಿ ಎಂದರೆ ಜಲಪಾತ ಎಂದುಬಿಟ್ಟೆ. “ಜೋಗದ ಹಾಗಾ?” ಎಂದಳು. ಏನು ಹೇಳಲಿ?

ನಮ್ಮ ಗದ್ದೆ ಮಾಡುವ ದೀವರ ಮನೆಯ ಅಕ್ಕ ನಿನಗೆ ನೆನಪಿರಬೇಕು. ಭೂಮಿ ಹುಣ್ಣಿಮೆಯ, ಅಂದರೆ ಸೀಗೆ ಹುಣ್ಣಿಮೆಯ ಹಿಂದಿನ ದಿನ ಅವರ ಹಿಂದೆ ನಾನೊಮ್ಮೆ ಬೆಟ್ಟ ಹತ್ತಿದ್ದೆ. ಬತ್ತ ಹೊಡೆಯಾಗುವ ಹೊತ್ತು ಅದು, ಗದ್ದೆ ಬಸುರಿ. ಅವಳ ಬಯಕೆಗೆ ಹಚ್ಚಂಬಲಿ ಎಂಬ ಸೊಪ್ಪಿನ ಅಡಿಗೆ ಬೇಯಿಸಬೇಕು, ಅದಕ್ಕೆ ನೂರೊಂದು ಬಗೆಯ ಕುಡಿ ಬೇಕೆಂದು ಲೆಕ್ಕ. ಇಷ್ಟೊಂದು ಯಾಕೆ, ಹತ್ತು ಬಗೆ ಸಾಲದೇ ಎಂದು ಕೇಳಿದೆ. “ಬಸುರಿಗೆ ಒಂದೇ ಪಲ್ಯ ಬಡಿಸಿ ಕಳಿಸುತ್ತಾರೆಯೇ?” ಎಂದು ನಕ್ಕರು. ಒಂದೊಂದು ಕುಡಿ ಚಿವುಟುವಾಗಲೂ ಅದರ ಹೆಸರು ಹೇಳುತ್ತಿದ್ದರು, ನನಗಲ್ಲ, ಗಿಡಕ್ಕೇ ಹೇಳುವ ಹಾಗೆ. ಒಂದು ಗಿಡದಿಂದ ಎರಡು ಕುಡಿಗಿಂತ ಹೆಚ್ಚು ಕೀಳಲಿಲ್ಲ. ಸಂಜೆ ಅವರ ಸೊಸೆ ಗದ್ದೆಗೆ ಎಡೆ ಒಯ್ಯುವ, ಕೆಮ್ಮಣ್ಣು ಬಳಿದ ಭೂಮಣ್ಣಿ ಬುಟ್ಟಿಯ ಮೇಲೆ ಪುಂಡಿ ನಾರಿನ ಕುಂಚದಿಂದ ಎಳೆ ಎಳೆಯುತ್ತಿದ್ದಳು. ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಆ ಹಳದಿಯೂ ಬುಟ್ಟಿಯೊಳಗಿನ ಕುಡಿಗಳೂ ನೀನು ಸುಮ್ಮನೆ ಬಿದ್ದಿದೆ ಎಂದ ನೆಲದಿಂದ ಬಂದವು. ಬೆಳಗಿನ ಜಾವ ದೊಂದಿ ಹಿಡಿದು ಗದ್ದೆಗೆ ಹೋಗಿ, ಭೂಮಿತಾಯಿ ಉಂಡು ಹೋಗಲಿ ಎಂದು ಕೂಗಿ ಹಚ್ಚಂಬಲಿ ಬೀರಿದರು. ಹಬ್ಬವಿಲ್ಲದಿದ್ದರೆ ಆ ಅಕ್ಕನಿಗೆ ಅಷ್ಟು ಹೆಸರನ್ನು ನಾಲಿಗೆಯ ಮೇಲೆ ಇಟ್ಟುಕೊಳ್ಳುವ ಕಾರಣವೇ ಇರಲಿಲ್ಲ.

ಅವತ್ತು ನಾನು ಜಾಣತನ ಮಾಡಿ ಹೆಸರುಗಳನ್ನು ಬರೆದುಕೊಂಡೆ, ಒಟ್ಟು 37. ಭಾರೀ ಕೆಲಸ ಮಾಡಿದೆ ಎಂದು ಬೀಗಿದ್ದೂ ಉಂಟು. ನಿನ್ನ ಫೋನ್ ಬಂದ ರಾತ್ರಿ ಪಟ್ಟಿಗೆಯಿಂದ ಆ ಪುಸ್ತಕ ತೆಗೆದು ನೋಡಿದೆ. ಚಗತೆ, ಒಂದೆಲಗ, ಕೇಪಳದಂಥ ಹದಿನೈದೋ ಇಪ್ಪತ್ತೋ ಗೊತ್ತು. ಉಳಿದವು ನನ್ನದೇ ಕೈಬರಹದಲ್ಲಿವೆ, ಯಾವ ಗಿಡ ಎಂದು ಕೇಳಿದರೆ ತೋರಿಸಲಾರೆ. ಹೆಸರಿದೆ, ಎಲೆಯಿಲ್ಲ. ಪರಿಷತ್ತಿನ ನಿಘಂಟು ಬಿಡಿಸಿ ಕೂತರೂ ಅದು ಕೈಗೆ ಬರುವುದಿಲ್ಲ.

ನಿನ್ನ ಮೊಬೈಲಿನಲ್ಲಿ ಎಲೆಯ ಚಿತ್ರ ತೆಗೆದರೆ ಲ್ಯಾಟಿನ್ ಹೆಸರು ಬರುತ್ತದಂತೆ. ಬರಲಿ, ನನ್ನದೇನೂ ತಕರಾರಿಲ್ಲ. ಲ್ಯಾಟಿನ್ ಕೂಡ ನಮ್ಮಿಂದ ಸಾಲ ಮಾಡಿದ್ದಿದೆ: ಕಾಫಿ ಗಿಡದ ಎಲೆ ಕೊಳೆಸುವ ಶಿಲೀಂಧ್ರಕ್ಕೆ 1876ರಲ್ಲಿ ಕುಕ್ ಎಂಬ ವಿಜ್ಞಾನಿ ಇಟ್ಟ ಹೆಸರು ‘ಪೆಲ್ಲಿಕ್ಯುಲೇರಿಯಾ ಕೊಳೆರೋಗ’. ಮಳೆಗಾಲದಲ್ಲಿ ತಲೆ ಮೇಲೆ ಕೈಹೊತ್ತು ಕೂತ ಯಾವನೋ ಬೆಳೆಗಾರ ಗೊಣಗಿದ ಮಾತು ವಿಜ್ಞಾನದ ಪುಸ್ತಕ ಸೇರಿತು. ಆದರೆ ಕುಡಿಯನ್ನು ಯಾವ ತಿಂಗಳು ಚಿವುಟಬೇಕು, ಎಷ್ಟು ಬಿಡಬೇಕು ಎಂಬುದನ್ನು ಮೊಬೈಲ್ ಹೇಳುವುದಿಲ್ಲ, ಆ ಅಕ್ಕನೇ ಹೇಳಬೇಕು. ಅವರಿಗೆ ಈಗ ಮಂಡಿನೋವು. ಇನ್ನೆಷ್ಟು ಸಲ ಬೆಟ್ಟ ಹತ್ತುತ್ತಾರೋ.

ಅದಕ್ಕೇ ಹೇಳುತ್ತೇನೆ, ಊರಿಗೆ ಬಂದ ಮೊದಲ ಒಂದು ವರ್ಷ ಬೆಟ್ಟಕ್ಕೆ ಕೈ ಹಾಕಬೇಡ. ದರಗು ಗುಡಿಸುವುದು, ಹೊರೆ ಕಟ್ಟುವುದು, ಕೊಟ್ಟಿಗೆಗೆ ಹಾಸುವುದು ಎಲ್ಲ ನಿನ್ನ ಕೈಯಲ್ಲೇ ಆಗಲಿ. ಲೋಡುಗಟ್ಟಲೆ ಗೊಬ್ಬರ ಕೊಂಡು ತೋಟ ಮಾಡಿದವರ ಸಾಲದ ಲೆಕ್ಕವನ್ನು ಎದುರಿಗೆ ಕೂತಾಗ ಹೇಳುತ್ತೇನೆ, ಕಾಗದದಲ್ಲಿ ಬೇಡ. ಉಪ್ಪಾಗೆ, ಮುರುಗಲು ಎಂಬ ಹುಳಿಕಾಯಿಗಳು ಬೆಟ್ಟದಿಂದ ಎಷ್ಟು ಬರುತ್ತದೆ ಎಂಬುದನ್ನೂ ಲೆಕ್ಕ ಹಾಕು. ವರ್ಷ ಕಳೆದ ಮೇಲೂ ‘ಸುಮ್ಮನೆ ಬಿದ್ದಿದೆ’ ಎನ್ನಿಸಿದರೆ ಆಗ ಜಗಳ ಆಡೋಣ.

ಸೀಗೆ ಹುಣ್ಣಿಮೆಗೆ ಎರಡು ದಿನ ಮೊದಲೇ ಬಾ, ಮಗಳನ್ನೂ ಕರೆದುಕೊಂಡು ಬಾ. ಅಕ್ಕನಿಗೆ ಹೇಳಿಟ್ಟಿದ್ದೇನೆ. ನನ್ನ ಪುಸ್ತಕ ನಿನ್ನ ಮಗಳ ಕೈಗೆ ಕೊಡುತ್ತೇನೆ, ಓದುತ್ತ ಹೋಗಲಿ, ಅಕ್ಕ ತೋರಿಸುತ್ತ ಹೋಗಲಿ. ಇಂಬಳ (ಜಿಗಣೆ) ಇನ್ನೂ ಇರುತ್ತದೆ. ಸುಣ್ಣ, ಹೊಗೆಸೊಪ್ಪು ನಾನು ತೆಗೆದಿಟ್ಟಿರುತ್ತೇನೆ, ಮಗುವಿಗೆ ಮಂಡಿವರೆಗೆ ಬರುವ ಹಳೆಯ ಕಾಲುಚೀಲ ನೀನು ತಾ.

ಇಂತಿ,
ನಿನ್ನ ದೊಡ್ಡಪ್ಪ